ಬೂಷ್ಟು ಹಿಡಿಯದ ಕ್ಯಾಸೆಟ್ಟು

ಆ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಿರಲಿಲ್ಲ. ಹಿಡಿದಿತ್ತು ಎಂದು ಗಿರಿಜಕ್ಕನಿಗೆ ಹೇಳಿದವನು ನಾನು. ಅವು ಚೆನ್ನಾಗಿಯೇ ಇದ್ದವು — ಅವರ ಗಂಡ ಬಸಣ್ಣನವರ ದನಿ ಅವುಗಳಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು — ಅದನ್ನು ಅಳಿಸಿದ್ದು ನಾನು, ನನ್ನ ಕೈಯಾರೆ, ಹಾಡುಹಗಲಲ್ಲಿ, ಪೂರ್ತಿ ಎಚ್ಚರದಲ್ಲಿ. ಗೊತ್ತಿಲ್ಲದೆ ಆಯಿತು ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಈಗಾಗಲೇ ಹೇಳಿರುವುದೇ ಸಾಕಷ್ಟಿದೆ.

ಮಾಚೇನಹಳ್ಳಿಯಲ್ಲಿ ನನ್ನದೊಂದು ಸಣ್ಣ ಶೆಡ್ಡು, ಸ್ಪ್ರಿಂಗ್ ತಯಾರಿಸುತ್ತೇವೆ. ಮನೆ ಶಿವಮೊಗ್ಗದಲ್ಲಿ, ರಾಗಿಗುಡ್ಡದ ಹತ್ತಿರ. ಶೆಡ್ಡಿನ ಹಿಂದಿನ ಕೋಣೆಯಲ್ಲಿ ಹಳೆಯ ಟೇಪ್ ಡೆಕ್ಕುಗಳನ್ನು ಕೂಡಿಟ್ಟಿದ್ದೇನೆ. ಯಾರು ಎಸೆದರೂ ತಂದು, ಬೆಲ್ಟು ಬದಲಾಯಿಸಿ, ಟೇಪ್ ಹೆಡ್ಡು ಒರೆಸಿ, ಹಾಡಿಸುವ ಹುಚ್ಚು ನನಗೆ. ನನ್ನ ಹೆಂಡತಿ ಶೈಲಜಾ ಆ ಕೋಣೆಗೆ ಗುಜರಿಯ ಗರ್ಭಗುಡಿ ಎಂದು ಹೆಸರಿಟ್ಟಿದ್ದಾಳೆ. ಅಲ್ಲಿಗೆ ಹೊಕ್ಕರೆ ನಾನು ಪೂಜಾರಿಯಷ್ಟೇ ಸಿಡುಕ, ಯಾರೂ ಏನೂ ಮುಟ್ಟಕೂಡದು.

ಶೈಲಜಾಳ ತವರು ಭದ್ರಾವತಿಯ ಕಾಗದನಗರ. ಅವಳ ಅಪ್ಪನ ಕ್ವಾರ್ಟರ್ಸಿನ ಪಕ್ಕದ ಮನೆಯೇ ಗಿರಿಜಕ್ಕನದು. ಬಸಣ್ಣನವರು ಅಲ್ಲಿನ ಕಾಗದದ ಕಾರ್ಖಾನೆಯ ಲ್ಯಾಬಿನಲ್ಲಿದ್ದರು. ಅವರು ತೀರಿಕೊಂಡರು, ಕಾರ್ಖಾನೆಯೂ ನಿಂತಿತು, ಗಿರಿಜಕ್ಕ ಕ್ವಾರ್ಟರ್ಸ್ ಖಾಲಿ ಮಾಡಿ ಶಿವಮೊಗ್ಗದಲ್ಲಿ ಎರಡು ಕೋಣೆಯ ಬಾಡಿಗೆ ಮನೆಗೆ ಬಂದರು. ಒಂದು ದಿನ ಬಟ್ಟೆಯ ಚೀಲದಲ್ಲಿ ಐದಾರು ಕ್ಯಾಸೆಟ್ಟು ಹಿಡಿದುಕೊಂಡು ನಮ್ಮ ಮನೆಗೂ ಬಂದರು. ಮನೆಯಲ್ಲಿದ್ದ ಟೇಪ್ ರೆಕಾರ್ಡರ್ ಕೆಟ್ಟು ವರ್ಷಗಳಾಗಿವೆ, ಇವನ್ನು ಫೋನಿನಲ್ಲಿ ಕೇಳುವ ಹಾಗೆ ಮಾಡಿಕೊಡಲು ಆಗುತ್ತದೆಯೇ ಎಂದು ಕೇಳಿದರು. ಇಷ್ಟೇ ತಾನೇ, ಒಂದು ವಾರ ಕೊಡಿ ಎಂದೆ.

ಮೊದಲ ಕ್ಯಾಸೆಟ್ಟನ್ನು ಡೆಕ್ಕಿಗೆ ಹಾಕಿದ ಮಧ್ಯಾಹ್ನ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಶುರುವಿಗೇ ಒಂದು ಗಂಡಸಿನ ದನಿ — “ಗಿರಿಜಾ, ಸ್ವಲ್ಪ ಸುಮ್ನಿರು. ಟೇಪ್ ಆಗ್ತಿದೆ.” ನಾನು ನಕ್ಕೆ. ನನ್ನ ವಯಸ್ಸಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗ್ರಾಮಫೋನ್ ಪ್ಲೇಟಿನಿಂದ ಟೇಪಿಗೆ ಇಳಿಸಲು ವೈರಿಲ್ಲದ ಮನೆಗಳಲ್ಲಿ ಸ್ಪೀಕರಿನ ಎದುರಿಗೆ ರೆಕಾರ್ಡರ್ ಇಟ್ಟು, ಎರಡು ಗುಂಡಿ ಒಟ್ಟಿಗೆ ಒತ್ತಿ, ಮನೆಮಂದಿಯೆಲ್ಲ ಕೆಮ್ಮನ್ನೂ ನುಂಗಿಕೊಂಡು ಕೂರುತ್ತಿದ್ದ ಕಾಲವದು. ಎಷ್ಟು ನುಂಗಿಕೊಂಡರೂ ಏನಾದರೊಂದು ಸೇರಿಕೊಳ್ಳುತ್ತಿತ್ತು, ಕುಕ್ಕರಿನ ಸೀಟಿಯೋ ಬಾಗಿಲು ತಟ್ಟಿದ್ದೋ.

ಆಮೇಲೆ ಹಾಡು ಬಂತು. ಅದನ್ನು ಹೇಗೆ ಹೇಳುವುದು — ನಾನು ಗಣಪತಿ ಪೆಂಡಾಲಿನ ಲೌಡ್‌ಸ್ಪೀಕರಿನ ಕೆಳಗೆ ಬೆಳೆದವನು. ಹಾಡು ಎಂದರೆ ಎದೆ ತುಂಬಿ ಹಾಡುವುದು ಎಂದೇ ತಿಳಿದಿದ್ದೆ. ಇಲ್ಲಿ ಒಬ್ಬ ಮನುಷ್ಯ ಅರ್ಥವಾಗದ ಭಾಷೆಯಲ್ಲಿ, ಪಕ್ಕದಲ್ಲಿ ಕುಳಿತವರಿಗೆ ಮಾತ್ರ ಕೇಳಲಿ ಎನ್ನುವಷ್ಟು ಮೆಲ್ಲಗೆ ಹಾಡುತ್ತಿದ್ದ. ಗಿಟಾರು ಅವನ ಜೊತೆ ಹೆಜ್ಜೆ ಹಾಕುತ್ತಿರಲಿಲ್ಲ, ಅರ್ಧ ಹೆಜ್ಜೆ ಆಚೀಚೆ ಓಡಾಡಿಕೊಂಡಿತ್ತು. ದುಃಖವೋ ಸಂತೋಷವೋ ಎಂದು ತೀರ್ಮಾನಿಸಲು ಹೊರಟರೆ ಅಷ್ಟರಲ್ಲಿ ಹಾಡೇ ಮುಗಿದುಹೋಗುತ್ತಿತ್ತು. ನಾನು ಕೆಲಸ ಬಿಟ್ಟು ಕುಳಿತುಬಿಟ್ಟೆ. ಮನೆಗೆ ಬಂದು ಶೈಲಜಾಳಿಗೂ ಕೇಳಿಸಿದೆ. ಅತ್ತೆ ಏಳ್ತಾರೆ ಅಂತ ಹೆದರಿಕೊಂಡು ಮಗುವಿಗೆ ಜೋಗುಳ ಹಾಡೋ ಹಾಗಿದೆ ಎಂದು ಅವಳು ಕಿಚಾಯಿಸಿದಳು. ನಿಜ ಹೇಳಬೇಕೆಂದರೆ ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ಹಾಡು ಗುರುತು ಹಿಡಿಯುವ ಆ್ಯಪಿಗೆ ಕೇಳಿಸಿದಾಗ ಇದಕ್ಕೆ ಬೊಸ್ಸಾ ನೋವಾ ಎನ್ನುತ್ತಾರೆ, ಬ್ರೆಜಿಲಿನದು ಎಂದು ತಿಳಿಯಿತು. ಕಾರ್ಖಾನೆಗೆ ಯಂತ್ರ ಕೂರಿಸಲು ಬಂದಿದ್ದ ವಿದೇಶಿ ಇಂಜಿನಿಯರೊಬ್ಬ ಊರಿಗೆ ಮರಳುವಾಗ ಬಸಣ್ಣನವರಿಗೆ ಕೊಟ್ಟುಹೋದ ಪ್ಲೇಟುಗಳವು ಎಂದು ಗಿರಿಜಕ್ಕ ಹೇಳಿದ್ದರು. ಪ್ಲೇಟುಗಳು ಯಾರ್ಯಾರ ಪಾಲೋ ಆಗಿ, ಟೇಪು ಮಾತ್ರ ಉಳಿದಿತ್ತು. ನಾನು ಆ ಆಲ್ಬಮ್ಮುಗಳನ್ನೆಲ್ಲ ಒಂದೊಂದಾಗಿ ಹುಡುಕಿ ಇಳಿಸಿಕೊಂಡೆ. ಬೊಸ್ಸಾ ನೋವಾದಿಂದ ಜಾಜ್‌ಗೆ ದಾಟಿದೆ — ಬಾಯಿ ಮುಚ್ಚಿಸಿದ ತುತ್ತೂರಿ, ಬೆರಳಲ್ಲೇ ಮೀಟುವ ದೊಡ್ಡ ಬಾಸು, ಮನೆಯಿಂದ ಹೊರಟು ದಾರಿ ತಪ್ಪಿದಂತೆ ಅಲೆದು ಮತ್ತೆ ಮನೆಗೇ ಬರುವ ರಾಗ. ವಾರ ಎಂದದ್ದು ತಿಂಗಳುಗಳಾದವು, ಆ ತಿಂಗಳುಗಳಲ್ಲಿ ನನಗೆ ಹೊಸದಾಗಿ ಕಿವಿ ಮೂಡಿದಂತಾಗಿತ್ತು. ಅಷ್ಟು ಸುಖವಾಗಿದ್ದೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಹೊಸ ಪ್ರತಿಗಳಲ್ಲಿ ಎಲ್ಲ ನಿಚ್ಚಳ. ತಂತಿಯ ಮೇಲೆ ಬೆರಳು ಜಾರುವುದು ಕೇಳುತ್ತಿತ್ತು. ಸಾಲಿನ ನಡುವೆ ಆ ಗಾಯಕ ಉಸಿರೆಳೆದುಕೊಳ್ಳುವುದೂ ಕೇಳುತ್ತಿತ್ತು, ಅದಕ್ಕೆ ಮರುಳಾಗಿ ಅದನ್ನೇ ಮತ್ತೆ ಮತ್ತೆ ಹಾಕಿಕೊಳ್ಳುತ್ತಿದ್ದೆ. ಗಿರಿಜಕ್ಕನ ಟೇಪಿಗೆ ವಾಪಸ್ಸು ಬಂದರೆ ಕಿರಿಕಿರಿ. ಮೂರನೆಯ ಹಾಡಿನಲ್ಲಿ ಒಂದು ಸ್ಟೀಲ್ ತಟ್ಟೆ ಬೀಳುತ್ತದೆ. ಇನ್ನೆಲ್ಲೋ ಕಾರ್ಖಾನೆಯ ಸೈರನ್ ಕೂಗಿ ಅರ್ಧ ಹಾಡನ್ನು ನುಂಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಬಸಣ್ಣನವರು — ಹೆಂಡತಿಗೆ ಸುಮ್ಮನಿರಲು ಹೇಳಿ ತಾವು ಮಾತ್ರ ಸುಮ್ಮನಿರುತ್ತಿರಲಿಲ್ಲ. ಹಾಡಿನ ಹಿಂದೆ ಶ್ರುತಿ ತಪ್ಪಿಸಿಕೊಂಡು ಗುನುಗುವುದು, ಲೋಟದ ಮೇಲೆ ಬೆರಳಲ್ಲಿ ತಾಳ ಹಾಕುವುದು, ಒಂದು ಒಳ್ಳೆಯ ತಿರುವು ಬಂದರೆ ಹೂಂ ಎಂದು ತಲೆದೂಗುವ ಸದ್ದು. ಬ್ರೆಜಿಲಿನ ಅಪರಿಚಿತನ ಉಸಿರು ನನಗೆ ಸಂಗೀತವಾಯಿತು, ಪಕ್ಕದ ಊರಿನ ಬಸಣ್ಣನ ಉಸಿರು ಗಲೀಜು ಅನ್ನಿಸಿತು.

ಹಾಗಾಗಿ ನಾನು ಅವರ ಟೇಪನ್ನು ಫೋನಿಗೆ ಇಳಿಸಲೇ ಇಲ್ಲ. ಅದೇ ಆಲ್ಬಮ್ಮುಗಳ ಶುದ್ಧ ಪ್ರತಿಗಳನ್ನು ಒಂದು ಪೆನ್‌ಡ್ರೈವಿಗೆ ತುಂಬಿದೆ, ಅಕ್ಕನಿಗೆ ಖುಷಿಯಾಗಲಿ ಎಂದುಕೊಂಡೆ. ಇಲ್ಲಿಗೆ ನಿಂತಿದ್ದರೆ ಅದು ಬರೀ ದಡ್ಡತನವಾಗುತ್ತಿತ್ತು. ಆದರೆ ಆ ಕ್ಯಾಸೆಟ್ಟುಗಳು — ಟೇಪಿನ ಹುಚ್ಚರಿಗೆ ಮಾತ್ರ ಇದು ಅರ್ಥವಾದೀತು — ಈಗ ಎಲ್ಲಿ ಹುಡುಕಿದರೂ ಸಿಗದ, ಒಳ್ಳೆಯ ಜಾತಿಯ ಟೇಪು. ನನ್ನ ಡೆಕ್ಕಿನಲ್ಲಿ ಆ ಟೇಪಿನ ಮೇಲೆ ಆ ಶುದ್ಧ ಸಂಗೀತ ಹೇಗೆ ಕೇಳೀತು ಎನ್ನುವ ಆಸೆ ಹತ್ತಿತು. ಹಾಡುಗಳನ್ನೆಲ್ಲ ಹೇಗೂ ಕೊಡುತ್ತಿದ್ದೇನಲ್ಲ, ಹಳೆಯದು ಯಾರಿಗೆ ಬೇಕು ಎಂದುಕೊಂಡೆ. ಕ್ಯಾಸೆಟ್ಟು ಹಾಕಿದೆ. “ಗಿರಿಜಾ, ಸ್ವಲ್ಪ ಸುಮ್ನಿರು” ಎನ್ನುವ ಮಾತನ್ನು ಪೂರ್ತಿ ಕೇಳಿ, ತಿರುಗಿ ಹಿಂದಕ್ಕೆ ಓಡಿಸಿ, ರೆಕಾರ್ಡ್ ಗುಂಡಿ ಒತ್ತಿದೆ. ಯಾರ ದನಿ, ಯಾರಿಗೆ ಹೇಳಿದ ಮಾತು, ಎರಡೂ ಗೊತ್ತಿತ್ತು. ಒಂದಾದ ಮೇಲೊಂದು, ಎಲ್ಲವನ್ನೂ ಹಾಗೇ ಮಾಡಿದೆ.

ಕ್ಯಾಸೆಟ್ಟುಗಳನ್ನು ನನ್ನಲ್ಲೇ ಇಟ್ಟುಕೊಂಡು ಪೆನ್‌ಡ್ರೈವ್ ಮಾತ್ರ ಕೊಟ್ಟ ಕೆಲವು ದಿನಗಳಿಗೆ ಗಿರಿಜಕ್ಕ ಮನೆಗೆ ಬಂದರು. ಶೈಲಜಾ ಕಾಫಿ ತರಲು ಒಳಗೆ ಹೋಗಿದ್ದಳು. ಅಕ್ಕ ಸೆರಗಿನ ತುದಿ ಹಿಡಿದುಕೊಂಡು, ನನಗೆ ಬೇಜಾರಾಗಬಾರದು ಎನ್ನುವ ಎಚ್ಚರದಲ್ಲಿ ಹೇಳಿದರು —

“ಎಲ್ಲ ಚೆನ್ನಾಗಿದೆ ಮಾರಾಯ. ಆದ್ರೆ ಇದ್ರಲ್ಲಿ ಅವ್ರೇ ಇಲ್ವಲ್ಲ.”

ಆಗ ಹೇಳಬಹುದಿತ್ತು. ಬಾಯಿ ತೆರೆದದ್ದೂ ನಿಜ. ತೆರೆದ ಬಾಯಿಂದ ಬಂದದ್ದು ಬೇರೆ. “ಟೇಪಿಗೆ ಬೂಷ್ಟು ಹಿಡ್ದಿತ್ತು ಅಕ್ಕ. ಏನೂ ಉಳ್ದಿರ್ಲಿಲ್ಲ. ಅದಕ್ಕೇ ಹೊಸದು ಹಾಕ್ಕೊಟ್ಟೆ.”

ಅವರು ನನ್ನನ್ನು ಅನುಮಾನಿಸಲಿಲ್ಲ, ತಮ್ಮನ್ನೇ ಅನುಮಾನಿಸಿಕೊಂಡರು. ಮನೆ ಖಾಲಿ ಮಾಡುವಾಗ ಆ ಚೀಲವನ್ನು ಗೋಡೆಯ ಪಕ್ಕ ಇಟ್ಟಿದ್ದೆ, ಆ ಗೋಡೆ ತೇವ ಇತ್ತು, ಆಗಲೇ ಹೋಗಿರಬೇಕು ಎಂದರು. ನಿನಗೆ ಸುಮ್ಮನೆ ತೊಂದರೆ ಕೊಟ್ಟೆ ಎಂದು ನನ್ನ ಕ್ಷಮೆಯನ್ನೂ ಕೇಳಿದರು. ಕಾಫಿ ಕುಡಿದು ಹೋದರು. ನಾನು ಗೇಟಿನ ತನಕ ಹೋಗಿ ಕಳಿಸಿ ಬಂದೆ.

ಅಂದಿನಿಂದ ನನಗೆ ನೆಟ್ಟಗೆ ಕುಳಿತು ಒಂದು ಆಲ್ಬಮ್ಮು ಕೇಳಲು ಆಗುತ್ತಿಲ್ಲ. ಮೂರನೆಯ ಹಾಡು ಬಂದರೆ ಕಿವಿ ತಟ್ಟೆ ಬೀಳುವುದನ್ನು ಕಾಯುತ್ತದೆ — ಬೀಳುವುದಿಲ್ಲ — ಎದ್ದು ಓಡಾಡುತ್ತೇನೆ. ಸೈರನ್ ಕೂಗಬೇಕಾದ ಜಾಗದಲ್ಲಿ ಗಿಟಾರು ಆರಾಮವಾಗಿ ಮುಂದುವರಿಯುತ್ತದೆ, ನಾನು ಆಫ್ ಮಾಡುತ್ತೇನೆ, ಮತ್ತೆ ಹಾಕುತ್ತೇನೆ. ಭಾನುವಾರ ಕೆಲವು ಗೆಳೆಯರು ಜಾಜ್ ಕೇಳಲು ಶೆಡ್ಡಿಗೆ ಬರುತ್ತಾರೆ. ಇದರ ರುಚಿ ಎಲ್ಲಿ ಹತ್ತಿತು ಎಂದು ಒಬ್ಬ ಕೇಳಿದಾಗ ನೆಟ್ಟಿನಲ್ಲಿ ಹೀಗೇ ಏನೋ ಹುಡುಕುವಾಗ ಎಂದುಬಿಟ್ಟೆ. ಬಸಣ್ಣನನ್ನು ಎರಡನೆಯ ಸಲ ಅಳಿಸಿದ್ದು ಅಂದು.

ಇನ್ನೂ ಒಂದು ವಿಷಯವಿದೆ.

ಎಲ್ಲವೂ ಅಳಿದಿಲ್ಲ. ಉಳಿದ ಕ್ಯಾಸೆಟ್ಟುಗಳಲ್ಲಿ ಆಲ್ಬಮ್ಮು ಮುಗಿದ ಮೇಲೆ ಮಿಕ್ಕ ಜಾಗಕ್ಕೂ ಏನೇನೋ ತುಂಬಿಸಿದ್ದೆ. ಒಂದನ್ನು ಮಾಡುವಾಗ ಮಾತ್ರ ಆಲ್ಬಮ್ಮು ಮುಗಿಯುತ್ತಿದ್ದಂತೆ ಮಾಲು ಒಯ್ಯಲು ಲಾರಿ ಬಂತು, ಟೇಪು ನಿಲ್ಲಿಸಿ ಎದ್ದು ಹೋದೆ, ಆಮೇಲೆ ಮರೆತೆ. ಬಸಣ್ಣನವರು ನಡುವೆ ಪ್ಲೇಟು ತಿರುಗಿಸಿದ್ದರು — ತಿರುಗಿಸುವ ಮೊದಲು ಬಟ್ಟೆಯಲ್ಲಿ ನಿಧಾನಕ್ಕೆ ಒರೆಸುತ್ತಿದ್ದರು, ಟೇಪು ಅಷ್ಟೂ ಹೊತ್ತು ಓಡುತ್ತಲೇ ಇತ್ತು. ಆ ನಿಧಾನದಿಂದಾಗಿ ಅವರ ಆಲ್ಬಮ್ಮು ನನ್ನದಕ್ಕಿಂತ ತಡವಾಗಿ ಮುಗಿಯುತ್ತಿತ್ತು. ನನ್ನ ಶುದ್ಧ ಸಂಗೀತ ಮುಗಿದು, ಟಕ್ ಎಂದು ಒಂದು ಸದ್ದಾಗಿ, ಅದರ ಹಿಂದೆಯೇ ಅವರ ಮನೆ ಇದೆ. ಕೊನೆಯ ಹಾಡಿನ ಬಾಲ. ಅರ್ಧ ತಾಳ ಹಿಂದೆ ಬಿದ್ದು ಗುನುಗುತ್ತಿರುವ ಬಸಣ್ಣ. ಹಾಡು ಮುಗಿಯುತ್ತದೆ, ಮುಳ್ಳು ಕರಕರ ಎನ್ನುತ್ತದೆ, ಅವರು ಲೋಟ ಕೆಳಗಿಡುತ್ತಾರೆ.

“ಆಯ್ತು ಗಿರಿಜಾ. ಇನ್ನು ಮಾತಾಡು.”

ಇಷ್ಟೇ. ಅಲ್ಲಿಗೆ ಟೇಪು ನಿಲ್ಲುತ್ತದೆ.

ಸುಳ್ಳು ಹೇಳಿದ ತಿಂಗಳಲ್ಲೇ ಇದು ನನಗೆ ಸಿಕ್ಕಿತ್ತು. ಕೊಡಲಿಲ್ಲ. ಕೊಟ್ಟರೆ ಹಾಡಿನ ಬಾಲ ಮಾತ್ರ ಬೂಷ್ಟಿನಿಂದ ಹೇಗೆ ಉಳಿಯಿತು ಎಂದು ಕೇಳುತ್ತಾರೆ, ಆಗ ಎಲ್ಲ ಹೊರಬೀಳುತ್ತದೆ. ನನ್ನ ಮಾನ ಉಳಿಸಿಕೊಳ್ಳಲು ಒಬ್ಬ ಹೆಂಗಸಿಗೆ ಸೇರಬೇಕಾದ ಆಕೆಯ ಗಂಡನ ದನಿಯನ್ನು ವರ್ಷಗಟ್ಟಲೆ ಬೀಗ ಹಾಕಿ ಇಟ್ಟುಕೊಂಡೆ. ಆಗಾಗ ಒಬ್ಬನೇ ಕೇಳಿದೆ ಕೂಡ. ಅಳಿಸಿದ್ದಕ್ಕಿಂತ ಇದು ಹೆಚ್ಚು ನೀಚತನ ಎಂದು ನನಗೆ ಗೊತ್ತು.

ಮೊನ್ನೆ ಶೈಲಜಾಳೊಂದಿಗೆ ಗಿರಿಜಕ್ಕನ ಮನೆಗೆ ಹೋಗಿದ್ದೆ. ಒಳ್ಳೆಯ ಬಿಸಿಲಿತ್ತು. ಅಂಗಳದ ಹಗ್ಗದ ಮೇಲೆ ಗಂಡಸಿನ ಅಂಗಿಗಳು, ಕೆಳಗೆ ಚಾಪೆಯ ಮೇಲೆ ಫೋಟೋಗಳು, ಕನ್ನಡಕ, ಲ್ಯಾಬಿನ ಒಂದು ಬಿಳಿ ಕೋಟು. ಬಿಸಿಲು ಬಂದ ದಿನವೆಲ್ಲ ಹೊರಗೆ ಹರಡುತ್ತಾರಂತೆ, ಸಂಜೆ ಕರ್ಪೂರ ಹಾಕಿ ಡಬ್ಬಿಗೆ ತುಂಬುತ್ತಾರಂತೆ. ಒಂದು ಫೋಟೋವನ್ನು ಮಗುಚಿಹಾಕುತ್ತ, ಯಾರಿಗೂ ಅಲ್ಲದ ಹಾಗೆ ಹೇಳಿದರು — “ದನಿಯೊಂದನ್ನ ನನ್ನ ಕೈಯಾರೆ ಹಾಳು ಮಾಡ್ಕೊಂಡೆ. ಇನ್ನು ಇವನ್ನೂ ಬಿಟ್ರೆ ಏನು ಉಳೀತದೆ.”

ಆ ಅಂಗಳದಲ್ಲೂ ನಾನು ಬಾಯಿ ಬಿಡಲಿಲ್ಲ. ಇವತ್ತು ಬೆಳಿಗ್ಗೆ ಶೈಲಜಾಳಿಗೆ ಎಲ್ಲ ಹೇಳಿದೆ. “ಹೇಳ್ಬೇಕಾಗಿದ್ದು ನನಗಲ್ಲ” ಎಂದಳು.

ಡೆಕ್ಕನ್ನು ಟವೆಲಿನಲ್ಲಿ ಸುತ್ತಿ ಕಾರಿನಲ್ಲಿಟ್ಟಿದ್ದೇನೆ. ಕ್ಯಾಸೆಟ್ಟು ಜೇಬಿನಲ್ಲಿದೆ. ಹೋಗಿ ಮೊದಲು ಟೇಪು ಹಾಕಿಬಿಡುವ ಯೋಚನೆ ಬಂದಿತ್ತು — ಆ ದನಿ ಕೇಳಿದರೆ ಅಕ್ಕ ಅಳುತ್ತಾರೆ, ನನಗೆ ಕೈಮುಗಿಯುತ್ತಾರೆ, ಎಲ್ಲಿಂದ ಉಳಿಸಿದೆಯೋ ಮಾರಾಯ ಎನ್ನುತ್ತಾರೆ. ಆ ಕೃತಜ್ಞತೆಯನ್ನು ನಾನು ತೆಗೆದುಕೊಂಡುಬಿಡುತ್ತೇನೆ. ನನ್ನನ್ನು ನಾನು ಅಷ್ಟು ಬಲ್ಲೆ. ಆದ್ದರಿಂದ ಮೊದಲು ಮಾತು, ಆಮೇಲೆ ಟೇಪು. ಟೇಪಿಗೆ ಬೂಷ್ಟು ಹಿಡಿದಿರಲಿಲ್ಲ ಅಕ್ಕ, ನಿಮ್ಮ ಗೋಡೆಯದು ಏನೂ ತಪ್ಪಿಲ್ಲ, ನಿಮ್ಮದೂ ಇಲ್ಲ, ಅಳಿಸಿದವನು ನಾನು — ಇಷ್ಟನ್ನು ಹೇಳಿ ಮುಗಿಸಿ ಗುಂಡಿ ಒತ್ತುತ್ತೇನೆ. ಒತ್ತುವವರೆಗೆ ಅವರು ನನ್ನನ್ನು ಒಳಗೆ ಇರಗೊಟ್ಟರೆ. ಇಲ್ಲವಾದರೆ ಡೆಕ್ಕನ್ನು ಹೊಸ್ತಿಲ ಮೇಲಿಟ್ಟು, ಯಾವ ಗುಂಡಿ ಎಂದು ತೋರಿಸಿ ಬರುತ್ತೇನೆ.