ಹೆಂಡತಿಗೆ ನಾನು ಅಂಟಿಸಿದ ಕಾಯಿಲೆ

ನನ್ನ ಹೆಂಡತಿ ಅಂತರರಾಷ್ಟ್ರೀಯ ಸಂಬಂಧಗಳ ಎಂ.ಎ.ಗೆ ಸೇರಿದಾಗ ಅವಳಿಗೆ ನಲವತ್ತು ದಾಟಿತ್ತು. ತೊಂಬತ್ತರ ದಶಕದ ನಡುವಿನ ಮಾತು. ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಸುಟ್ಟುಹೋಗಿ, ಇಲ್ಲಿ ಮೂಡಿಗೆರೆಯಲ್ಲಿ ನಮ್ಮ ಕಾಫಿಗೆ ಕಂಡರಿಯದ ಬೆಲೆ ಬಂದಿತ್ತು. ಊರೆಲ್ಲ ಹೊಸ ಜೀಪಿನ ಮಾತಾಡುತ್ತಿದ್ದರೆ ಇವಳು ಅಲ್ಲಿನ ಬೆಳೆಗಾರರ ಗತಿ ಏನಾಯಿತೆಂದು ಪೇಪರಿನಲ್ಲಿ ಹುಡುಕುತ್ತಿದ್ದಳು. ಮದುವೆಗೆ ಮುಂಚೆಯೇ ಬಿ.ಎ. ಮುಗಿಸಿದವಳು. ನಾನು ಎಸ್ಸೆಸ್ಸೆಲ್ಸಿಗೆ ನಿಂತವನು. ಪಾಠಗಳು ಅಂಚೆಯಲ್ಲಿ ಬರುತ್ತಿದ್ದವು. ಭಾನುವಾರ ಚಿಕ್ಕಮಗಳೂರಿನಲ್ಲಿ ತರಗತಿ.

ಅವಳು ಗಟ್ಟಿಯಾಗಿ ಓದುವುದು, ನಾನು ಕೇಳುವುದು. ನನಗೆ ಹುಚ್ಚೇ ಹಿಡಿಯಿತು. ಒಂದು ಸಂಜೆ, ಎರಡು ಬಲಿಷ್ಠ ದೇಶಗಳ ನಡುವೆ ಸಿಕ್ಕಿದ ಸಣ್ಣ ದೇಶದ ಪಾಠ. ನಾನು ಕಣದಲ್ಲಿ ಕಾಫಿ ರಾಶಿ ಮಾಡುತ್ತಿದ್ದವನು ಹಲಗೆ ಬಿಸಾಕಿ ಓಡಿ ಬಂದೆ.

"ಇದು ನಾವೇ ಕಣೇ! ಮೇಲೆ ದೊಡ್ಡ ತೋಟದ ಗೌಡ್ರು, ಕೆಳಗೆ ಇನ್ನೊಂದು ಎಸ್ಟೇಟು, ನಡುವೆ ಇಬ್ಬರೂ ಎಳ್ಕೊಳ್ಳೋ ನಮ್ಮ ಹಳ್ಳದ ನೀರು!"

"ಹೌದು," ಅಂದಳು. "ನೀವು ಇಷ್ಟು ವರ್ಷ ಅಲಿಪ್ತ ನೀತಿ ಅಂತ ಸುಮ್ನೆ ಕೂತಿದ್ರಿ. ಅದು ನೀತಿ ಅಲ್ಲ, ಹೆದರಿಕೆ."

ಸಿಟ್ಟು ಬರಲಿಲ್ಲ, ಮುಂದಿನ ಪಾಠ ಓದೆಂದೆ. ಕ್ಯೂಬಾ, ಸೂಯೆಜ್ ಎಲ್ಲ ನಮ್ಮ ಜಗಲಿಗೇ ಬಂದವು. ಅಂಚೆಯವನನ್ನು ಅವಳಿಗಿಂತ ನಾನೇ ಹೆಚ್ಚು ಕಾಯುತ್ತಿದ್ದೆ.

ಹೊರಗೆ ಮಾತ್ರ ನಾನು ಬೇರೆ ಮನುಷ್ಯ. ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹತ್ತಿರ ಗೊಬ್ಬರದಂಗಡಿಯಲ್ಲಿ ಒಮ್ಮೆ ಸಾಹುಕಾರರು, "ಪ್ರತಿ ಭಾನುವಾರ ನಿಮ್ಮನೆಯೋರು ಎಲ್ಲಿಗೆ ಹೋಗೋದು ಮಾರಾಯ್ರೆ?" ಎಂದರು. ನಾನು ಎದೆಯುಬ್ಬಿಸಿ, "ಅಂತರರಾಷ್ಟ್ರೀಯ ಸಂಬಂಧ ಓದ್ತಿದ್ದಾರೆ" ಎಂದೆ.

"ಸಂಬಂಧ ನೋಡೋದನ್ನೂ ಓದಿ ಕಲೀಬೇಕಾ? ಹಂಗಾದ್ರೆ ನಮ್ಮ ಹುಡುಗಿಗೂ ಒಂದು ಫಾರಿನ್ ಸಂಬಂಧ ನೋಡಕ್ಕೆ ಹೇಳಿ!"

ಪಕ್ಕದಲ್ಲಿದ್ದವನೊಬ್ಬ, "ಈ ವಯಸ್ಸಲ್ಲಿ ಅವ್ರಿಗೇ ಒಂದು ಹುಡುಕ್ಕೊಂಡಾರು, ಹುಷಾರು ಮಾರಾಯ" ಅಂದ. ಅಂಗಡಿಗೆ ಅಂಗಡಿಯೇ ನಕ್ಕಿತು. ನಾನೂ ನಕ್ಕೆ. ಅದು ನನ್ನ ಮೊದಲ ತಪ್ಪು. ಮುಂದೆ ಯಾರೇ ಕೇಳಿದರೂ, "ಎದೆನೋವು. ಚಿಕ್ಕಮಗಳೂರಲ್ಲಿ ಡಾಕ್ಟರಿಗೆ ತೋರಿಸ್ತಿದ್ದೀವಿ" ಎನ್ನತೊಡಗಿದೆ. ಅವಳಿಗೆ ಇದು ಗೊತ್ತಿರಲಿಲ್ಲ.

ನಮ್ಮ ಕಡೆ ಕಾಯಿಲೆಯ ಸುದ್ದಿಗೆ ಜೀಪು ಬೇಕಿಲ್ಲ. ಮನೆಗೆ ಎಳನೀರು ಬಂತು, ಜೇನು ಬಂತು, ಹೊರನಾಡಿನ ಪ್ರಸಾದ ಬಂತು. ರೋಗಿಯೆದುರು ರೋಗದ ಮಾತೆತ್ತಬಾರದೆಂದು ಯಾರೂ ಅವಳಿಗೆ ಕಾರಣ ಹೇಳುತ್ತಿರಲಿಲ್ಲ. "ಜನ ಎಷ್ಟು ಒಳ್ಳೆಯವ್ರು, ಓದೋರಿಗೆ ಎಷ್ಟು ಮರ್ಯಾದೆ ಕೊಡ್ತಾರೆ ನೋಡಿ!" ಎಂದು ಅವಳು ಬೆರಗಾಗುತ್ತಿದ್ದಳು. ನಾನು ಇನ್ನೊಂದು ಎಳನೀರು ಕೆತ್ತಿ ಕುಡಿಯುತ್ತಿದ್ದೆ.

ಮೊದಲ ವರ್ಷದ ಪರೀಕ್ಷೆಯ ಬೆಳಿಗ್ಗೆ. ಅವಳು ಹಾಲ್‌ಟಿಕೆಟ್ ಹಿಡಿದು ಚಪ್ಪಲಿ ಮೆಟ್ಟುತ್ತಿದ್ದಳು. ಅಂಗಳಕ್ಕೆ ಮೇಲಿನ ತೋಟದ ಗೌಡರ ಜೀಪು ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ದಿಂಬು, ಕಂಬಳಿ.

"ಹತ್ತಿ ತಾಯಿ. ಮಂಗಳೂರಲ್ಲಿ ದೊಡ್ಡ ಡಾಕ್ಟರಿಗೆ ಹೇಳಿಟ್ಟಿದ್ದೀನಿ. ಇವತ್ತು ತೋರಿಸದಿದ್ರೆ ಮತ್ತೆ ತಿಂಗಳು ಕಾಯ್ಬೇಕು. ಇವನ ಕೈಲಿ ಎಂತದೂ ಆಗಲ್ಲ."

"ಯಾರಿಗೆ ಡಾಕ್ಟರು?"

"ನಿಮ್ಮ ಎದೆನೋವಿಗೆ."

ಅವಳು ನನ್ನ ಕಡೆ ತಿರುಗಿದಳು. ಅಷ್ಟರಲ್ಲಿ ಕೆಳಗಿನ ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆದು ಹೊರಟೇ ಹೋಯಿತು. ಅದು ಬಿಟ್ಟರೆ ಪರೀಕ್ಷೆಯ ಹೊತ್ತಿಗೆ ಚಿಕ್ಕಮಗಳೂರು ಮುಟ್ಟಿಸುವ ಬಸ್ಸು ಇನ್ನೊಂದಿರಲಿಲ್ಲ. ವರ್ಷವಿಡೀ ಓದಿದ್ದು ನನ್ನ ಒಂದು ಸುಳ್ಳಿಗೆ ಅಂಗಳದಲ್ಲೇ ಮುಗಿಯುವುದರಲ್ಲಿತ್ತು.

"ಗೌಡ್ರೇ, ಅವಳಿಗೆ ಎದೆನೋವಿಲ್ಲ. ನಾನು ಸುಳ್ಳು ಹೇಳಿದ್ದು. ಅವಳಿಗೆ ಇವತ್ತು ಪರೀಕ್ಷೆ. ಎಂ.ಎ."

"ಎಂ.ಎ.ನಾ?" ಗೌಡರ ಮುಖ ಕೆಂಪಾಯಿತು. "ಥೂ ನಿನ್ನ! ನನ್ನ ಹೆಂಡ್ತಿ ನಿನ್ನ ಹೆಂಡ್ತಿಗೋಸ್ಕರ ಸೋಮವಾರ ಉಪವಾಸ ಕೂರ್ತಿದ್ದಾಳಲ್ಲೋ!" ಅವಳ ಕಡೆ ತಿರುಗಿದಾಗ ದನಿ ತಗ್ಗಿತು. "ಎಂತ ಓದೋದು ತಾಯಿ?"

"ಬ್ರೆಜಿಲ್‌ನಲ್ಲಿ ಹಿಮ ಬಿದ್ರೆ ನಿಮ್ಮ ಜೀಪಿಗೆ ಹೊಸ ಟೈರು ಹೆಂಗೆ ಬರತ್ತೆ ಅನ್ನೋದು."

ಗೌಡರು ಟೈರು ನೋಡಿದರು, ಅವಳನ್ನು ನೋಡಿದರು. "ಹತ್ತಿ, ಹತ್ತಿ! ಮಂಗಳೂರು ಹಾಳಾಗ್ಲಿ."

ಆ ಓಟವನ್ನು ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ. ಗೌಡರು ಆಲ್ದೂರಿನ ತಿರುವುಗಳಲ್ಲಿ ಹಾರ್ನ್ ಒತ್ತಿದ ಕೈ ತೆಗೆಯಲೇ ಇಲ್ಲ. ದಿಂಬಿಗೆ ಒರಗಿ ಅವಳು ಓದುತ್ತಿದ್ದಳು; ಕಂಬಳಿ ನಾನು ಹೊದ್ದಿದ್ದೆ. ಗಂಟೆ ಬಾರಿಸುವಾಗ ಗೇಟು ಮುಟ್ಟಿದೆವು. ಇಳಿಯುವಾಗ ಅವಳು ಆ ಬೆಳಗಿನ ಮೊದಲ ಮಾತನ್ನು ನನಗೆ ಹೇಳಿದಳು.

"ನಾನು ಬರೆದು ಬರೋದ್ರೊಳಗೆ ಯಾರ್ಯಾರಿಗೆ ಹೇಳಿದ್ದೀರೋ ಎಲ್ಲ ನೆನಪು ಮಾಡ್ಕೊಳ್ಳಿ. ಒಬ್ಬೊಬ್ಬರ ಮನೆಗೂ ಹೋಗಿ ಹೇಳ್ಬೇಕು."

ಹೋದೆ. ಮನೆಮನೆಗೆ ಹೋಗಿ, ಅವಳು ಓದುತ್ತಿದ್ದಾಳೆ, ಆರೋಗ್ಯವಾಗಿದ್ದಾಳೆ ಎಂದೆ. ಕೆಲವರು ಬೈದರು, ಅದು ಹಿತವಾಗಿತ್ತು. ಉಳಿದವರು ನನ್ನ ಭುಜ ತಟ್ಟಿ, "ಧೈರ್ಯ ತಂದ್ಕೋ ಮಾರಾಯ, ಕಾಯಿಲೆ ಮುಚ್ಚಿಡ್ಬಾರದು" ಎಂದರು. ಅವಳು ಎರಡನೇ ವರ್ಷವನ್ನೂ ಮುಗಿಸಿ ಪಾಸಾದ ಮೇಲೂ ಕೆಲವರು, ಪಾಪ, ಆ ನೋವಲ್ಲೂ ಓದಿದಳು ಎಂದೇ ಹೊಗಳುತ್ತಿದ್ದರು. ಅವಳ ಗೆಲುವಿನ ಒಂದು ಪಾಲನ್ನು ಹೀಗೆ ನಾನು ಹುಟ್ಟಿಸಿದ ಕಾಯಿಲೆ ಕಸಿದುಕೊಂಡಿತು.

ಅದಕ್ಕೇ ಇದನ್ನು ಅಚ್ಚಿಗೆ ಕೊಡುತ್ತಿದ್ದೇನೆ. ಅವಳಿಗೆ ಯಾವ ನೋವೂ ಇರಲಿಲ್ಲ. ಓದಬೇಕೆನ್ನಿಸಿತ್ತು, ಓದಿದಳು.