ಜಗಲಿಯ ಮೇಲಿನ ಡಾಕ್ಟರಮ್ಮ

ಹೋದ ವಾರ ನನ್ನ ಮನೆಯ ಜಗಲಿ ಆಸ್ಪತ್ರೆಯಾಗಿತ್ತು. ಮಾಡಿದವನು ನಾನೇ.

ಅಕ್ಕನ ಮಗಳು ಗಂಗಾ ಮದರಾಸಿನಲ್ಲಿ ಡಾಕ್ಟರಿ ಓದುತ್ತಾಳೆ. ಎರಡನೇ ವರ್ಷ. ರಜೆಗೆಂದು ಹೊಸಪೇಟೆಯ ನಮ್ಮ ಮನೆಗೆ ಬಂದಳು. ಅವಳ ಟ್ರಂಕು ಒಳಗೆ ಹೋಗುವ ಮೊದಲೇ ನಾನು ಪೇಟೆ ತುಂಬ ಸಾರಿಬಿಟ್ಟೆ: ನಮ್ಮ ಡಾಕ್ಟರಮ್ಮ ಬಂದಳು! (ಹೆಣ್ಣುಮಕ್ಕಳು ಹೈಸ್ಕೂಲು ಮುಟ್ಟುವುದೇ ಅಪರೂಪವಾದ ಊರಿದು. ಜಂಬ ಬರದೆ ಇರುತ್ತದೆಯೇ?)

ಮೂರನೇ ದಿನಕ್ಕೆ ಕಂಪ್ಲಿಯ ಗಾಡಿ, ಸಂಡೂರಿನ ಗಾಡಿ. ಬಂದವರೆಲ್ಲ ಕೈ ಚಾಚಿ ಕೂತರು. ನಮ್ಮ ಕಡೆಯ ನಂಬಿಕೆ ಗೊತ್ತಲ್ಲ? ವೈದ್ಯರಾದವರು ರೋಗ ಏನೆಂದು ಕೇಳಬಾರದು. ನಾಡಿ ಹಿಡಿದು ತಾವೇ ಹೇಳಬೇಕು.

ಎಮ್ಮಿಗನೂರಿನ ಮುದುಕಿಯೊಬ್ಬಳ ಕೈ ಹಿಡಿದು ಗಂಗಾ ಕೇಳಿದಳು, “ಏನಾಗೇತಿ ಅವ್ವಾ?”

“ಅದನ್ನ ನೀನಽ ಹೇಳ್ಬೇಕಲ್ಲವ್ವಾ!” ಮುದುಕಿ ನಕ್ಕಳು.

“ನಾ ಇನ್ನೂ ಓದಾಕತ್ತೀನಿ. ದೊಡ್ಡ ದವಾಖಾನಿಗೆ ತೋರಿಸ್ರಿ.”

ಜನ ಮುಖ ಮುಖ ನೋಡಿಕೊಂಡರು. ನನ್ನ ಮಾನ ಹೋದಂತಾಯಿತು. ಎಲ್ಲರೆದುರೇ ಅಂದೆ: “ಎರಡು ವರ್ಷ ಮದರಾಸಿನಾಗ ಏನು ಮಾಡ್ದಿ? ನಾಡಿ ನೋಡಾಕೂ ಬರಂಗಿಲ್ಲೇನು?”

ಅವಳು ಎದ್ದು ಒಳಗೆ ಹೋದಳು. ನಾನೂ ಹಿಂದೆಯೇ ಹೋದೆ, ಇನ್ನಷ್ಟು ಬೈಯಲು.

ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು: “ನಾ ಫೇಲ್ ಆಗೀನಿ ಮಾಮಾ. ಎರಡು ಸಬ್ಜೆಕ್ಟು. ಅಲ್ಲಿ ಪ್ರೊಫೆಸರು ದಡ್ಡಿ ಅಂತಾರ, ಇಲ್ಲಿ ನೀವು ಡಾಕ್ಟರಮ್ಮ ಅಂತೀರಿ. ಬದುಕೋದಽ ಬ್ಯಾಡ ಅನಿಸೇತಿ.”

ನಾನೇನು ಮಾಡಿದೆ ಗೊತ್ತೇ? ತಿರುಗಿ ಜಗಲಿಯ ಕಡೆ ನೋಡಿದೆ. ಯಾರಿಗಾದರೂ ಕೇಳಿಸಿತೇ ಅಂತ! “ಮೆಲ್ಲಕ ಮಾತಾಡು,” ಅಂದೆ.

ಇದನ್ನು ಬರೆಯುವಾಗ ನಾಚಿಕೆಯಿಂದ ಕೈ ಓಡುತ್ತಿಲ್ಲ. ಸಾಯುವ ಮಾತಾಡಿದ ಹುಡುಗಿಗಿಂತ ನನಗೆ ಜಗಲಿ ದೊಡ್ಡದಾಯಿತು. ಈ ಅಂಕಣದಲ್ಲಿ ವಾರ ವಾರ ನಿಮಗೆ ಬುದ್ಧಿ ಹೇಳುವ ಮನುಷ್ಯ ನಾನು!

ನನ್ನ ಹೆಂಡತಿಗೆ ಅಕ್ಷರ ಬಾರದು. ರೊಟ್ಟಿ ತಟ್ಟುತ್ತಿದ್ದವಳು ಎದ್ದು ಬಂದು, ಹಿಟ್ಟಿನ ಕೈಯಲ್ಲೇ ಗಂಗಾಳನ್ನು ತಬ್ಬಿಕೊಂಡು ಕೇಳಿದಳು: “ಸಾಯಬೇಕು ಅನಿಸೇತೇನವ್ವಾ? ಎಷ್ಟು ದಿನದಿಂದ?”

ಆಗ ಅತ್ತಳು ಹುಡುಗಿ. ನಾಲ್ಕು ತಿಂಗಳಿಂದಂತೆ. ಆ ನಾಲ್ಕು ತಿಂಗಳು ನಾನು ಬರೆದ ಕಾಗದಗಳಲ್ಲೆಲ್ಲ ಒಂದೇ ಪ್ರಶ್ನೆ: ಫಸ್ಟ್ ಬರುತ್ತೀ ತಾನೆ?

ಈಗ ನಮ್ಮಲ್ಲೇ ಇದ್ದಾಳೆ. ಹೆಂಡತಿ ಅವಳನ್ನು ಒಂಟಿಯಾಗಿ ಬಿಡುತ್ತಿಲ್ಲ. ಹುಡುಗಿ ಹೊತ್ತು ಹೊತ್ತಿಗೆ ಉಣ್ಣುತ್ತಿದ್ದಾಳೆ. ನಿನ್ನೆ ಒಮ್ಮೆ ನಕ್ಕಳು. ಮದರಾಸಿಗೆ ಮರಳುವುದು, ಬಿಡುವುದು ಅವಳ ಇಷ್ಟ. ಇದನ್ನು ಬರೆಯಲೇ ಅಂತ ಕೇಳಿದ್ದಕ್ಕೆ, “ಬರೀರಿ ಮಾಮಾ. ಆದ್ರ ನನ್ನ ತಪ್ಪು ಬ್ಯಾಡ, ನಿಮ್ದು ಬರೀರಿ,” ಅಂದಳು.

ಬರೆದಿದ್ದೇನೆ. ಅಷ್ಟು ಮಂದಿ ಅವಳ ಮುಂದೆ ಕೈ ಚಾಚಿ ಕೂತೆವಲ್ಲ, ಒಬ್ಬರಾದರೂ “ನೀ ಹೆಂಗದೀಯವ್ವಾ?” ಅಂತ ಕೇಳಿದೆವೇ?