ಡಿಂಪ್ನಾ ಹೆರಾಟಿ ಪಾಠದ ನಡುವೆ ಎದ್ದು ಹೋದದ್ದು

ಡಿಂಪ್ನಾ ಹೆರಾಟಿಯ ಪ್ರಾಮಾಣಿಕತೆಯಿಂದ ನನಗಾದಷ್ಟು ತಲೆನೋವು ಊರಿನ ಕಳ್ಳರಿಂದಲೂ ಆಗಿಲ್ಲ. ಕಳ್ಳರ ಪರ ನಿಂತಾಗ ನಾಲ್ಕು ಕಾಸಾದರೂ ಹುಟ್ಟಿದೆ.

ನಾವಿಬ್ಬರೂ ಮೇಯೋ ಸೀಮೆಯ ಕಾಸಲ್‌ಬಾರ್‌ನಲ್ಲಿ ವಕೀಲರು. ಅವಳ ಕಚೇರಿ ಮಾಂಸದಂಗಡಿಯ ಮೇಲೆ, ನನ್ನದು ಅದರ ಎದುರು. ನಮ್ಮ ಕಸುಬಿನಲ್ಲಿ ಕೂದಲು ಹಣ್ಣಾದರೂ ಓದು ಮುಗಿಯುವುದಿಲ್ಲ. ಹೊಸ ಕಾಯ್ದೆ ಬಂತು, ಹೊಸ ತೀರ್ಪು ಬಂತು ಎಂದು ವರ್ಷಕ್ಕೆ ಇಂತಿಷ್ಟು ಗಂಟೆ ಪಾಠ ಕೇಳಲೇಬೇಕು. ಡಿಸೆಂಬರ್ ಮುಗಿಯುವುದರೊಳಗೆ ಗಂಟೆ ತುಂಬದಿದ್ದರೆ ಡಬ್ಲಿನ್ನಿನ ವಕೀಲರ ಸಂಘದಿಂದ ಕಾಗದ ಬರುತ್ತದೆ, ಆಮೇಲೆ ಸನ್ನದಿಗೇ ಸಂಚಕಾರ. ಈ ಪಾಠಗಳನ್ನು ನಮ್ಮೂರಿನಲ್ಲಿ ಏರ್ಪಡಿಸುವ ಕರ್ಮ ನನ್ನ ಪಾಲಿಗೆ ಬಂದಿದೆ. ಹೋಟೆಲಿನ ಹಾಲ್ ಹಿಡಿಯಬೇಕು, ಡಬ್ಲಿನ್ನಿನ ಪಂಡಿತರನ್ನು ಕಾಡಿ ಬೇಡಿ ಕರೆಸಬೇಕು, ಸೂಪು ಸ್ಯಾಂಡ್‌ವಿಚ್ಚಿಗೆ ಹೇಳಬೇಕು, ಬಂದವರ ಹಾಜರಿ ತೆಗೆದುಕೊಳ್ಳಬೇಕು. ಬಂದವರು ಮಾಡುವುದೇನು? ಸಹಿ ಹಾಕುತ್ತಾರೆ, ಸೂಪು ಕುಡಿಯುತ್ತಾರೆ, ಕ್ರಿಸ್‌ಮಸ್ ಖರೀದಿಗೆ ಜಾರಿಕೊಳ್ಳುತ್ತಾರೆ. ನಾನು ಕಂಡೂ ಕಾಣದ ಹಾಗೆ ಇದ್ದುಬಿಡುತ್ತೇನೆ. ಯಾರಿಗೂ ನಷ್ಟವಿಲ್ಲ.

ಡಿಂಪ್ನಾ ಇದ್ದಾಳಲ್ಲ, ಸತ್ಯಹರಿಶ್ಚಂದ್ರನ ತುಂಡು! ಪಾಠ ಮುಗಿದ ಮೇಲೆ ನೇರ ನನ್ನ ಮೇಜಿಗೆ ಬರುತ್ತಾಳೆ.

"ಜಾರ್ಲತ್, ಫೋನ್ ಬಂತೂಂತ ನಾನು ಹನ್ನೊಂದು ನಿಮಿಷ ಆಚೆ ಹೋಗಿದ್ದೆ. ಅಷ್ಟನ್ನ ಕಳೆದು ಬರ್ಕೋ."

"ತಾಯೀ, ಅರ್ಧ ಊರು ಅಂಗಡಿ ಬೀದೀಲಿದೆ! ನಿನ್ನ ಹನ್ನೊಂದು ನಿಮಿಷ ಯಾರಿಗೆ ಬೇಕು?"

"ಅವರದು ಅವರಿಗೆ. ನಂದು ನೀನು ಕಳಿ."

ಹೀಗೆ ಕಳೆದೂ ಕಳೆದೂ ಪ್ರತಿ ವರ್ಷ ಅವಳ ಗಂಟೆಗಳು ಸಾಲದೆ ಬರುತ್ತವೆ. ಎಲ್ಲ ಪಾಠಕ್ಕೂ ಮೊದಲ ಸಾಲಿನಲ್ಲಿ ಕೂರುವವಳು ಇವಳೊಬ್ಬಳೇ, ಗಂಟೆ ಸಾಲದವಳೂ ಇವಳೊಬ್ಬಳೇ. ಅಹಂಕಾರವೋ, ಹಟವೋ, ಯಾವ ದೇವರಿಗೆ ಗೊತ್ತು!

ಹೋದ ಡಿಸೆಂಬರಿನ ಕೊನೆಯ ಪಾಠಕ್ಕೆ ಅವಳಿಗೆ ಇನ್ನೊಂದೇ ಗಂಟೆ ಬೇಕಿತ್ತು. ವಿಷಯ: ಸಾವಿನ ಹಾಸಿಗೆಯಲ್ಲಿರುವವರ ಉಯಿಲು ಬರೆಸುವುದು ಹೇಗೆ. ಡಬ್ಲಿನ್ನಿನ ಯುವಕನೊಬ್ಬ ಗೋಡೆಯ ಮೇಲೆ ಚಿತ್ರ ತೋರಿಸುತ್ತ, "ರೋಗಿಯ ಜೊತೆ ಒಂಟಿಯಾಗಿ ಮಾತಾಡಿ" ಎನ್ನುತ್ತಿದ್ದ. ಅಷ್ಟರಲ್ಲಿ ಡಿಂಪ್ನಾಳ ಫೋನು ಗುಂಯ್ ಎಂದಿತು. ಎದ್ದು ನೇರ ನನ್ನ ಹತ್ತಿರ ಬಂದಳು.

"ಏಳು. ಆಸ್ಪತ್ರೇಲಿ ಫೆಸ್ಟಸ್‌ಗೆ ಕೊನೇಗಾಲ. ವಿಲ್ ಬರೆಸ್ತಾನಂತೆ, ಈಗ. ಇನ್ನೊಂದು ಸಾಕ್ಷಿ ಬೇಕು."

"ಅಲ್ಲಿ ದಾದಿಯರಿಲ್ವಾ?"

"ಅವರು ಸಾಕ್ಷಿ ಹಾಕೋ ಹಾಗಿಲ್ಲ, ಅಲ್ಲಿಯ ನಿಯಮ. ಏಳು ಮಾರಾಯ!"

"ನಿನ್ನ ಗಂಟೆ?"

"ಹೋಗಲಿ."

ಅದೇ ಪಾಠವನ್ನು ಬಿಟ್ಟು ಅದೇ ಕೆಲಸಕ್ಕೆ ಹೊರಟೆವು. ಕೇಳಿದರೆ ಗಂಟೆ ಸಿಗುತ್ತದೆ, ಮಾಡಿದರೆ ಇಲ್ಲ. ಇಂಥ ನಿಯಮ ಮಾಡಿದವರನ್ನು ದಾರಿಯುದ್ದಕ್ಕೂ ಬೈದೆ.

ಫೆಸ್ಟಸ್ ರುವಾನ್ ಕುರಿ ಸಾಕುವವನು. ನೋರೀನ್ ಎಂಬಾಕೆ ಮೂವತ್ತು ವರ್ಷದಿಂದ ಅವನ ಮನೆಯಲ್ಲಿ ಅವನ ಜೊತೆ ಬಾಳಿದವಳು. ಮದುವೆ ಮಾತ್ರ ಆಗಿರಲಿಲ್ಲ. ಮೊದಲು ಅವನ ಅಮ್ಮ ಒಪ್ಪಲಿಲ್ಲ, ಅಮ್ಮ ಹೋದ ಮೇಲೆ ಇವರಿಗೇ ಪುರುಸೊತ್ತಾಗಲಿಲ್ಲ. ಉಯಿಲು ಬರಿ ಎಂದು ಡಿಂಪ್ನಾ ಎಷ್ಟು ಸಲ ಹೇಳಿದರೂ, "ಬರೆದ್ರೆ ಸಾಯ್ತೀನಿ" ಎಂದು ನಕ್ಕು ಹೋಗುತ್ತಿದ್ದ. ಬರೆಯದೆ ಸತ್ತರೆ ಮನೆ, ಗುಡ್ಡದ ಹೊಲ ಎಲ್ಲ ಲೀಡ್ಸ್‌ನಲ್ಲಿರುವ ಅಣ್ಣನಿಗೆ. ನೋರೀನ್ ಕೋರ್ಟಿನ ಬಾಗಿಲಲ್ಲಿ ನಿಂತು ಬೇಡಬೇಕಾಗಿತ್ತು. ಆ ಅಣ್ಣ ಎಂಥವನೆಂದು ಊರಿಗೆಲ್ಲ ಗೊತ್ತು.

ಕೋಣೆಯಲ್ಲಿ ಫೆಸ್ಟಸ್ ದಿಂಬಿಗೆ ಒರಗಿದ್ದ, ಉಸಿರು ಎಳೆದು ಎಳೆದು ಬಿಡುತ್ತಿದ್ದ. ನೋರೀನ್ ಅವನ ಕೈ ಹಿಡಿದು ಕೂತಿದ್ದಳು. ಡಿಂಪ್ನಾ ಕೋಟನ್ನೂ ಬಿಚ್ಚಲಿಲ್ಲ.

"ನೋರೀನ್, ನೀನು ಹೊರಗೆ ಕೂತ್ಕೋಬೇಕಮ್ಮ."

"ನಾನಾ? ಯಾಕೆ?"

"ನೀನೇ ಹೇಳಿ ಬರೆಸಿದ್ದು ಅಂತ ಅವರಣ್ಣ ನಾಳೆ ಕೋರ್ಟಲ್ಲಿ ಹೇಳಬಾರದು. ಅದಕ್ಕೆ."

ನನಗೆ ಮೈಯೆಲ್ಲ ಉರಿಯಿತು. "ಡಿಂಪ್ನಾ, ನಿನಗೇನು ಹೃದಯ ಇದೆಯೋ ಇಲ್ವೋ? ಆ ಮನುಷ್ಯನ ಸ್ಥಿತಿ ನೋಡು. ಅವಳು ಅಲ್ಲೇ ಇರ್ಲಿ!"

"ನೀನೂ ಹೊರಗೆ ನಡಿ. ಸಹಿಗೆ ಕರೀತೀನಿ."

ಇಬ್ಬರೂ ಹೊರಗೆ ಬೆಂಚಿನ ಮೇಲೆ ಕೂತೆವು. ಅಲ್ಲಿ ಯಾರೋ ಕಿಟಕಿ ತೆರೆದಿಟ್ಟಿದ್ದರು, ಚಳಿ ಹೊಡೆಯುತ್ತಿತ್ತು. ಒಳಗಿನಿಂದ ಡಿಂಪ್ನಾಳ ದನಿ ಗೊಣಗೊಣ ಕೇಳುತ್ತಿತ್ತು. ಎರಡು ಮಾತಲ್ಲಿ ಮುಗಿಸಬಾರದೇ? ಇಲ್ಲ. ಇವತ್ತು ಯಾವ ವಾರ, ನಿನ್ನ ನೆಂಟರು ಯಾರ್ಯಾರು, ಆಸ್ತಿ ಏನೇನು, ಅಣ್ಣನಿಗೆ ಯಾಕೆ ಕೊಡಲ್ಲ, ಎಲ್ಲ ಕೇಳಬೇಕು, ಎಲ್ಲ ಬರೆದುಕೊಳ್ಳಬೇಕು, ಓದಿ ಹೇಳಬೇಕು. ನೋರೀನ್ ಬಾಗಿಲನ್ನೇ ನೋಡುತ್ತಿದ್ದಳು.

"ಇಷ್ಟೊತ್ತು ಏನ್ ಕೇಳ್ತಾಳೆ ಅವಳು? ಅವನಿಗೆ ಮಾತಾಡೋಕೆ ಎಷ್ಟು ಕಷ್ಟ ಗೊತ್ತಾ? ಇವತ್ತು ಬೆಳಗ್ಗೆಯಿಂದ ನನ್ನ ಹತ್ರಾನೇ ನಾಲ್ಕು ಮಾತಾಡಿಲ್ಲ."

ಈಗ ಮುಗಿಯುತ್ತೆ ಎಂದೆ. ಮುಗಿಯಲಿಲ್ಲ.

ಕಡೆಗೂ ಕರೆದಳು. ನಾನು ಒಳಗೆ ಹೋದಾಗ ಫೆಸ್ಟಸ್ ಬಿಳಿಚಿಕೊಂಡಿದ್ದ. ಡಿಂಪ್ನಾ ಅವನ ಬೆನ್ನಿಗೆ ಕೈ ಕೊಟ್ಟು ಎಬ್ಬಿಸಿದಳು, ಪೆನ್ನು ಕೊಟ್ಟಳು. ಅದು ಬರೆಯಲಿಲ್ಲ. ನನ್ನದನ್ನು ಕೊಟ್ಟೆ. ಸಹಿ ಹಾಕುವುದರೊಳಗೆ ಅವನಿಗೆ ಸಾಕುಸಾಕಾಗಿತ್ತು.

"ದರಿದ್ರದ ಪೆನ್ನು," ಎಂದ. ಕಣ್ಣು ಮುಚ್ಚಿದ.

ನಾವಿಬ್ಬರೂ ಸಹಿ ಹಾಕಿದೆವು. ನಾನು ಓಡಿಹೋಗಿ ನೋರೀನ್‌ಳನ್ನು ಕರೆತಂದೆ. ಅವಳು ಹೆಸರು ಹಿಡಿದು ಕೂಗಿದಳು, ಕೆನ್ನೆ ತಟ್ಟಿದಳು. ಅವನು ಕಣ್ಣು ಬಿಡಲಿಲ್ಲ. ಕತ್ತಲಾಗುವುದರೊಳಗೆ ಹೋಗಿಬಿಟ್ಟ.

ಆ ಸಂಜೆ ನಾನು ಡಿಂಪ್ನಾಳ ಜೊತೆ ಮಾತಾಡಲಿಲ್ಲ. ಅವಳ ಹಾಜರಿಗೆ ಪೂರ್ತಿ ಗಂಟೆ ಹಾಕಿದರೆ ಹೊಡೆದುಹಾಕಿಸುತ್ತಾಳೆಂದು ಗೊತ್ತಿತ್ತು, ಆ ಗೋಜಿಗೇ ಹೋಗಲಿಲ್ಲ. ಮರುದಿನ ಕಂಪ್ಯೂಟರ್ ಮುಂದೆ ಕೂತು ಯಾವುದೋ ಧ್ವನಿಮುದ್ರಿತ ಪಾಠ ಕೇಳಿ ಗಂಟೆ ತುಂಬಿಸಿಕೊಂಡಳಂತೆ.

ಹೆಣವನ್ನು ಮನೆಗೆ ತಂದಿದ್ದರು. ಊರೆಲ್ಲ ಸಾಲಾಗಿ ಬಂದು ಕೈ ಕುಲುಕಿ, "ನಿಮ್ಮ ದುಃಖಕ್ಕೆ ನಮ್ಮದೂ ದುಃಖ" ಎಂದು ಹೇಳಿ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿತ್ತು. ಅಣ್ಣನೂ ಲೀಡ್ಸ್‌ನಿಂದ ಬಂದಿದ್ದ. ಉಯಿಲಿನ ಸುದ್ದಿ ಅವನಿಗೆ ಮುಟ್ಟಿತ್ತು. ಬರೆಸುವಾಗ ಕೋಣೆಯಲ್ಲಿ ಯಾರ್ಯಾರಿದ್ದರೆಂದು ನನ್ನನ್ನು ಕೇಳಿದ. ಹೇಳಿದೆ. ಚಹಾ ಲೋಟ ಅಲ್ಲೇ ಇಟ್ಟು ಎದ್ದು ಹೋದ. ಮನೆ ನೋರೀನ್‌ಳದೇ ಆಗಿ ಉಳಿಯಿತು. ಡಿಂಪ್ನಾ ಮಾಡಿದ್ದು ಸರಿ ಎಂದು ಒಪ್ಪಲೇಬೇಕಾಯಿತು, ಅದರಿಂದ ನನ್ನ ಸಿಟ್ಟು ಇನ್ನೂ ಹೆಚ್ಚಿತು.

ನಾವು ಹೊರಡುವಾಗ ನೋರೀನ್ ಬಾಗಿಲಿನವರೆಗೂ ಬಂದು ಡಿಂಪ್ನಾಳ ತೋಳು ಹಿಡಿದಳು.

"ಮನೆ ಉಳಿಸಿಕೊಟ್ರಿ, ನಿಮಗೆ ಪುಣ್ಯ ಬರಲಿ. ಆದ್ರೆ ಒಂದು ಹೇಳಿ. ಅವನ ಕೊನೇ ಮಾತು ನಂಗೆ ಸಿಗಲಿಲ್ಲ, ನಿಮಗೆ ಸಿಕ್ತು. ಏನಂದ?"

ಈ ಡಿಂಪ್ನಾ ಇದ್ದದ್ದನ್ನು ಇದ್ದ ಹಾಗೇ ಹೇಳುತ್ತಾಳೆ, ಪೆನ್ನನ್ನು ಬೈದ ಎಂದು ಹೇಳಿಯೇ ಬಿಡುತ್ತಾಳೆ! ಇಲ್ಲವೇ ಕಕ್ಷಿದಾರನ ಮಾತು ಗುಟ್ಟು, ಹೇಳುವ ಹಾಗಿಲ್ಲ ಎನ್ನುತ್ತಾಳೆ. ಅವಳ ಕಾಲು ತುಳಿಯೋಣವೆಂದುಕೊಂಡೆ.

ಡಿಂಪ್ನಾ ಒಂದು ಕ್ಷಣವೂ ಯೋಚಿಸಲಿಲ್ಲ.

"ಸಹಿ ಹಾಕಿದ. ಆಮೇಲೆ, ‘ನೋರೀನ್‌ನ ಒಳಗೆ ಕರೀರಿ, ಹೊರಗೆ ಚಳಿ ಇದೆ’ ಅಂದ." ನನ್ನ ಕಡೆ ತಿರುಗಿದಳು. "ಜಾರ್ಲತ್ ಅಲ್ಲೇ ಇದ್ದ. ಅವನನ್ನೇ ಕೇಳು."

ನೋರೀನ್ ನನ್ನ ಮುಖ ನೋಡಿದಳು.

"ಹೌದಮ್ಮ," ಎಂದೆ. "ನಾನೂ ಕೇಳಿಸಿಕೊಂಡೆ."